ಕಂಪನಿಯ ಹುಡುಗ ಮುತ್ತುರಾಜ

ಕನ್ನಡಿಗರಿಗೆ ಡಾ. ರಾಜಕುಮಾರರನ್ನು ಪರಿಚಯ ಮಾಡಿಕೊಡುವ ಪ್ರಮೇಯವೇನೂ ಇಲ್ಲ. ಅವರ ಹಾಡಿಲ್ಲದ ಗಣೇಶೋತ್ಸವ ಹೊರನಾಡಿನಲ್ಲಿಯೂ ಅಪರೂಪವೆ. ನವೆಂಬರ್ ತಿಂಗಳು ಬಂತೆಂದರೆ ನಮ್ಮ ಚೆನ್ನೈ ಕನ್ನಡಿಗರ ವೇದಿಕೆಗಳ ಮೇಲೂ ಯಾರಾದರೊಬ್ಬರು ಬಿಳಿಯ ಪಂಚೆ, ಬಿಳಿಯ ಅಂಗಿ ತೊಟ್ಟು ಅವರಂತೆ ಕೈಮುಗಿದು ನಿಲ್ಲುತ್ತಾರೆ, ಚಪ್ಪಾಳೆಗೆ ಕೊರತೆಯಿರುವುದಿಲ್ಲ. ಆದರೆ ಆ ಕೈಮುಗಿಯುವುದರ ಹಿಂದೆ ಬರಿಯ ಸೌಜನ್ಯವಲ್ಲದೆ ಒಂದು ಲೆಕ್ಕವೂ ಇತ್ತೆಂದು ನನ್ನ ಎಣಿಕೆ. ಮಾಡಿದ ಕೆಲಸವನ್ನು ಒಂದು ಖಾತೆಯಲ್ಲಿ, ಬಂದ ಕೀರ್ತಿಯನ್ನು ಇನ್ನೊಂದು ಖಾತೆಯಲ್ಲಿ ಇಟ್ಟು, ಎರಡನ್ನೂ ಕಲಸದೆ ಅರ್ಧ ಶತಮಾನ ನಡೆದವರು ಅವರು. ಬ್ಯಾಂಕಿನ ಗುಮಾಸ್ತನಾದ ನನ್ನ ಕಣ್ಣಿಗೆ ಇದೇ ಮೊದಲು ಬಿದ್ದರೆ ವಾಚಕರು ಆಶ್ಚರ್ಯಪಡಬಾರದು.

ಮೊದಲು ಹುಟ್ಟೂರಿನ ವಿಷಯ. 1929ನೆಯ ಇಸವಿ ಏಪ್ರಿಲ್ 24ರಂದು ಗಾಜನೂರಿನಲ್ಲಿ ಅವರು ಹುಟ್ಟಿದಾಗ ಆ ಸೀಮೆಯೆಲ್ಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಂದೆಯ ಊರು ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರು. ಅದೂ ಅದೇ ಜಿಲ್ಲೆ. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳಾದಾಗ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿಯೂ ಅದರ ಮಗ್ಗುಲಿನ ಗಾಜನೂರೂ ಮದರಾಸಿನಲ್ಲಿಯೇ ಉಳಿದವು. ಈಗ ಅದು ತಮಿಳುನಾಡಿನ ಈರೋಡು ಜಿಲ್ಲೆ. ನಾವು ಯಾವ ದಿನವನ್ನು ಹಬ್ಬವಾಗಿ ಆಚರಿಸುತ್ತೇವೆಯೋ ಅದೇ ದಿನ ಕನ್ನಡದ ಈ ಹಿರಿಯ ನಟನ ತಂದೆಯ ಊರು ಒಂದು ರಾಜ್ಯಕ್ಕೂ ಹುಟ್ಟೂರು ಇನ್ನೊಂದು ರಾಜ್ಯಕ್ಕೂ ಹಂಚಿಹೋಯಿತು. ಅವರು ಮಾತ್ರ ಕೊನೆಯವರೆಗೂ ಬಿಡುವು ಸಿಕ್ಕಾಗಲೆಲ್ಲ ಗಾಜನೂರಿನ ಮನೆಗೂ ಹೊಲಕ್ಕೂ ಹೋಗಿಬರುತ್ತಿದ್ದರು. ಗಡಿಯ ಗೆರೆ ಅವರ ಕಾಲಿಗೆ ತೊಡರಲಿಲ್ಲ.

ಮನೆಯಲ್ಲಿಟ್ಟ ಹೆಸರು ಮುತ್ತುರಾಜ. ಮುತ್ತತ್ತಿಯ ಆಂಜನೇಯನ ನೆನಪಿಗೆ ಇಟ್ಟದ್ದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟರು. ರೌದ್ರ ಪಾತ್ರಗಳಿಗೆ ಎತ್ತಿದ ಕೈ. ಆ ಕಾಲದಲ್ಲಿ ಕಂಪನಿ ನಾಟಕವೆಂದರೆ ಇಡೀ ಒಂದು ಊರೇ ಗಂಟುಮೂಟೆ ಕಟ್ಟಿಕೊಂಡು ಹೊರಟಂತೆ: ಪರದೆ, ಸೀನರಿ, ಹಾರ್ಮೋನಿಯಂ, ಅಡಿಗೆಯವರು, ಹೆಂಗಸರು, ಮಕ್ಕಳು. ಒಂದು ಊರಿನಲ್ಲಿ ಕೆಲವು ತಿಂಗಳು ಮೊಕ್ಕಾಂ, ಮತ್ತೆ ಇನ್ನೊಂದು ಊರು. ಇಂತಹ ಅಲೆದಾಟದಲ್ಲಿ ಹುಡುಗನ ಶಾಲೆ ನಿಲ್ಲದೆ ಏನಾದೀತು? ಪ್ರಾಥಮಿಕ ಶಾಲೆಯ ಓದೂ ಪೂರ್ತಿಯಾಗಲಿಲ್ಲ. ಅದರ ಬದಲು ಕಂಪನಿಯೇ ಪಾಠಶಾಲೆಯಾಯಿತು. ಧ್ವನಿವರ್ಧಕವನ್ನು ನೆಚ್ಚದೆ ಹಿಂದಿನ ಸಾಲಿನ ನೆಲದ ಮೇಲೆ ಕುಳಿತವನಿಗೂ ಅಕ್ಷರ ಅಕ್ಷರ ಮುಟ್ಟುವಂತೆ ಮಾತು ಒಪ್ಪಿಸಬೇಕು. ಶ್ರುತಿ ತಪ್ಪದೆ ಹಾಡಬೇಕು. ಇಂದು ದೂತನಾದವನು ನಾಳೆ ಮುನಿಯೂ ಆಗಬೇಕು, ನಾಡಿದ್ದು ಪರದೆ ಎಳೆಯುವುದಕ್ಕೂ ಸಿದ್ಧನಿರಬೇಕು. ಮುಂದೆ ಜನ ಮೆಚ್ಚಿದ ಆ ಸ್ಪಷ್ಟ ಉಚ್ಚಾರಣೆ, ಒತ್ತಕ್ಷರ ಮಹಾಪ್ರಾಣಗಳ ಆ ಶುದ್ಧಿ ಯಾವ ವಿಶ್ವವಿದ್ಯಾನಿಲಯದಲ್ಲೂ ಕಲಿತದ್ದಲ್ಲ, ಕಂಪನಿಯಲ್ಲಿ ಕಿವಿಯಿಂದ ಕಲಿತದ್ದು.

ಕಂಪನಿಯ ಇನ್ನೊಂದು ಪಾಠವೂ ಇತ್ತು. ಅಲ್ಲಿ ನಟನೆ ಎಂಬುದು ದೊಡ್ಡ ಪ್ರತಿಭೆಯ ವಿಷಯವೆಂದು ಯಾರೂ ತಿಳಿದಿರಲಿಲ್ಲ. ಬಡಗಿಗೆ ಮರಗೆಲಸವಿದ್ದಂತೆ ಅದೊಂದು ಕಸುಬು. ಹಿರಿಯರು ಮಾಡುವುದನ್ನು ಕಿರಿಯರು ಪಕ್ಕದ ಪರದೆಯ ಮರೆಯಲ್ಲಿ ನಿಂತು ನೋಡಿ ಕಲಿಯುತ್ತಿದ್ದರು. ರಾಜಕುಮಾರರು ಎಷ್ಟು ಎತ್ತರಕ್ಕೆ ಹೋದರೂ ತಮ್ಮ ತಂದೆಯ ಮುಂದೆ ತಾನೇನೂ ಅಲ್ಲವೆಂದೇ ಹೇಳುತ್ತ ಬಂದರು. ಇದನ್ನು ಪಿತೃಭಕ್ತಿಯ ಉಪಚಾರವೆಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ರಂಗದ ಮೇಲೆ ತಂದೆಯನ್ನು ಕಣ್ಣಾರೆ ಕಂಡ ಮಗ ಅವರು. ನಮಗೆ ಆ ಭಾಗ್ಯವಿಲ್ಲ; ಪುಟ್ಟಸ್ವಾಮಯ್ಯನವರ ಅಭಿನಯ ಯಾವ ಸುರುಳಿಯಲ್ಲಿಯೂ ಉಳಿದಿಲ್ಲ. ಅಳೆಯಲು ಆ ಮನೆಯೊಳಗೇ ಒಂದು ಕೋಲಿದ್ದುದರಿಂದ ಹೊರಗಿನವರ ಹೊಗಳಿಕೆ ಅವರ ತಲೆಗೇರಲಿಲ್ಲವೆಂದೇ ನನ್ನ ಭಾವನೆ.

ಚಲಚ್ಚಿತ್ರದಲ್ಲಿ ಅವರು ಮೊದಲು ಮುಖ ತೋರಿದ್ದು 1942ರ ಭಕ್ತ ಪ್ರಹ್ಲಾದ ಚಿತ್ರದಲ್ಲಿ, ಹುಡುಗರ ಗುಂಪಿನಲ್ಲೊಬ್ಬರಾಗಿ. ಹತ್ತು ವರ್ಷ ಕಳೆದು 1952ರ ಶ್ರೀ ಶ್ರೀನಿವಾಸ ಕಲ್ಯಾಣದಲ್ಲಿ ಸಪ್ತರ್ಷಿಗಳಲ್ಲೊಬ್ಬರಾದರು. ಏಳು ಜನರಲ್ಲಿ ಒಬ್ಬ ಋಷಿ, ಮುಖದ ತುಂಬ ಗಡ್ಡ. ಗುರುತು ಹಿಡಿಯುವವರು ಯಾರು? 1953ರ ಜೂನ್‌ನಲ್ಲಿ ಸಾಲಿಗ್ರಾಮದ ಪಾರ್ವತಮ್ಮನವರೊಂದಿಗೆ ವಿವಾಹವಾಯಿತು. ಮರುವರ್ಷ ಎಚ್. ಎಲ್. ಎನ್. ಸಿಂಹ ಅವರು ಬೇಡರ ಕಣ್ಣಪ್ಪ ಚಿತ್ರಕ್ಕೆ ನಾಯಕನನ್ನು ಹುಡುಕುತ್ತಿದ್ದಾಗ ಅವರ ದೃಷ್ಟಿ ಈ ಕಂಪನಿ ಹುಡುಗನ ಮೇಲೆ ಬಿತ್ತು. ಮುತ್ತುರಾಜ ರಾಜಕುಮಾರನಾದದ್ದು ಸಿಂಹ ಅವರ ಬಾಯಿಂದ. ನಾಯಕಿ ಪಂಢರಿಬಾಯಿ, ಹಾಸ್ಯಕ್ಕೆ ನರಸಿಂಹರಾಜು, ಅವರಿಗೂ ಅದು ಮೊದಲ ಚಿತ್ರ. ಚಿತ್ರ ನೂರು ದಿನ ದಾಟಿತು, ರಾಷ್ಟ್ರ ಪ್ರಶಸ್ತಿಗಳಲ್ಲಿ ಅರ್ಹತಾ ಪತ್ರವನ್ನೂ ಪಡೆಯಿತು. ಮಗನ ಈ ಗೆಲುವನ್ನು ನೋಡಲು ಪುಟ್ಟಸ್ವಾಮಯ್ಯನವರು ಉಳಿದಿರಲಿಲ್ಲ. ಅದೇ ಕಥೆ ಅದೇ ವರ್ಷ ತೆಲುಗಿನಲ್ಲಿ ಕಾಳಹಸ್ತಿ ಮಹಾತ್ಮ್ಯವಾಯಿತು. ಅದರಲ್ಲಿಯೂ ರಾಜಕುಮಾರರೇ ಕಣ್ಣಪ್ಪ. ಕನ್ನಡವಲ್ಲದ ಭಾಷೆಯಲ್ಲಿ ಅವರು ನಾಯಕರಾದದ್ದು ಅದೊಂದೇ ಸಲ.

ಒಂದು ಚಿತ್ರ ಗೆದ್ದ ಮೇಲೆ ಅದೃಷ್ಟದ ಬಾಗಿಲು ತೆರೆಯಿತೆಂದು ಜೀವನಚರಿತ್ರೆಗಳಲ್ಲಿ ಬರೆಯುವುದು ವಾಡಿಕೆ. ಇಲ್ಲಿ ಹಾಗಾಗಲಿಲ್ಲ. ಆಗ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳೇ ಬೆರಳೆಣಿಕೆಯಷ್ಟು. ದೊಡ್ಡ ಸ್ಟುಡಿಯೋಗಳು, ಫಿಲಂ ತೊಳೆಯುವ ಪ್ರಯೋಗಾಲಯಗಳು, ವಾದ್ಯವೃಂದ, ತಂತ್ರಜ್ಞರು, ಸಾಲ ಕೊಡುವವರು, ಎಲ್ಲರೂ ಇದ್ದದ್ದು ಮದರಾಸಿನಲ್ಲಿ. ತಮಿಳು ತೆಲುಗು ಚಿತ್ರಗಳಿಗೆ ಬಿಟ್ಟುಕೊಟ್ಟು ಮಿಕ್ಕ ಹೊತ್ತಿನಲ್ಲಿ ಕನ್ನಡದವರಿಗೆ ಸ್ಟುಡಿಯೋದ ಅಂಗಳ ಸಿಗುತ್ತಿತ್ತು. ಹೀಗಾಗಿ ಕನ್ನಡ ಚಿತ್ರರಂಗವೇ ನಮ್ಮ ಹಾಗೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಇಲ್ಲಿ ಬಾಡಿಗೆ ಮನೆ ಮಾಡಿಕೊಂಡಿತ್ತೆಂದರೆ ತಪ್ಪಾಗದು. ಕೋಡಂಬಾಕಂ, ವಡಪಳನಿ, ತ್ಯಾಗರಾಯನಗರಗಳ ಸುತ್ತ ಕನ್ನಡದ ನಟರು, ಬರಹಗಾರರು, ಗಾಯಕರು ನೆಲಸಿದ್ದರು. ರಾಜಕುಮಾರರ ಸಂಸಾರವೂ ಅವರ ನಡುವೆ ಬೆಳೆಯಿತು. ಮಕ್ಕಳು ಇಲ್ಲಿಯೇ ಹುಟ್ಟಿದರು. ಕೊನೆಯ ಮಗ ಪುನೀತ 1975ರಲ್ಲಿ ಹುಟ್ಟಿದ್ದೂ ಮದರಾಸಿನಲ್ಲಿಯೇ. ಬೀದಿಯಲ್ಲಿ ಹೊರಟರೆ ಯಾರೂ ತಿರುಗಿ ನೋಡದ ಊರಿನಲ್ಲಿ ಕೆಲಸ, ಕೀರ್ತಿಯೆಲ್ಲ ಇನ್ನೂರು ಮೈಲಿಯಾಚೆ ಬೆಂಗಳೂರಿನಲ್ಲಿ. ಕನ್ನಡನಾಡಿನಲ್ಲಿ ಚಿತ್ರಮಂದಿರದ ಮುಂದೆ ಆಳೆತ್ತರದ ಹಾರ ಬೀಳುತ್ತಿದ್ದ ದಿನ ಇಲ್ಲಿ ಅವರು ಬಣ್ಣ ಅಳಿಸಿಕೊಂಡು ಮನೆಗೆ ಹೋಗಿ ಊಟ ಮಾಡುತ್ತಿದ್ದರು. ಇದು ಅವರಿಗೆ ಒಳ್ಳೆಯದೇ ಆಯಿತೆಂದು ನಾನು ತಿಳಿಯುತ್ತೇನೆ. ಮನೆಬಾಗಿಲಿಗೇ ಜಾತ್ರೆ ನೆರೆಯುವ ಊರಿನಲ್ಲಿ ಆ ಎರಡು ದಶಕಗಳು ಕಳೆದಿದ್ದರೆ ಮುತ್ತುರಾಜ ಉಳಿಯುತ್ತಿದ್ದನೋ ಇಲ್ಲವೋ.

ಚಿತ್ರಗಳಿಲ್ಲದೆ ಕೈಕಟ್ಟಿ ಕೂರುವುದು ಕಂಪನಿಯಲ್ಲಿ ಬೆಳೆದವರಿಗೆ ಒಗ್ಗದು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ. ವಿ. ಅಯ್ಯರ್ ಮುಂತಾದವರು ಸೇರಿ ಕಲಾವಿದರ ಸಂಘವೊಂದನ್ನು ಕಟ್ಟಿ ಊರೂರಿಗೆ ಹೋಗಿ ನಾಟಕವಾಡಿದರು. ಚಿತ್ರನಾಯಕನೆನಿಸಿಕೊಂಡವನು ಮತ್ತೆ ಮುಖಕ್ಕೆ ಸಫೇತು ಬಳಿದುಕೊಂಡು ರಂಗದ ಮೇಲೆ ನಿಂತದ್ದು ಅವಮಾನವೆಂದು ಅವರಿಗೆ ತೋರಲಿಲ್ಲ. ಅದೇ ಸಂಘದಿಂದ 1960ರಲ್ಲಿ ರಣಧೀರ ಕಂಠೀರವ ಹೊರಬಂತು. ಕಲಾವಿದರೇ ಪಾಲುದಾರರಾಗಿ ತಯಾರಿಸಿದ ಚಿತ್ರ. ಲಾಭನಷ್ಟದ ಹೊಣೆಯನ್ನು ನಟರೇ ಹೊತ್ತ ಆ ಪ್ರಯೋಗಕ್ಕೆ ನಮ್ಮ ಚಿತ್ರೇತಿಹಾಸದಲ್ಲಿ ಇನ್ನೂ ಹೆಚ್ಚಿನ ಸ್ಥಾನ ಸಲ್ಲಬೇಕು. ಆ ದಿನ ಅವರು ಸೋತಿದ್ದರೆ ಕನ್ನಡ ಚಿತ್ರ ಇನ್ನೆಷ್ಟು ಕಾಲ ಮದರಾಸಿನ ಹಿತ್ತಿಲಲ್ಲಿ ಕುಳಿತಿರಬೇಕಾಗಿತ್ತೋ.

ಅಲ್ಲಿಂದ ಮುಂದೆ ನಿಂತದ್ದಿಲ್ಲ. 1964ರಲ್ಲಿ ನಾಂದಿ, 1965ರಲ್ಲಿ ಸತ್ಯ ಹರಿಶ್ಚಂದ್ರ, 1967ರಲ್ಲಿ ಇಮ್ಮಡಿ ಪುಲಿಕೇಶಿ, 1968ರಲ್ಲಿ ಜೇಡರ ಬಲೆ. ಮೂಕ ಹೆಂಡತಿಯ ಗಂಡನಾದ ಬಡ ಉಪಾಧ್ಯಾಯನಿಂದ ಹಿಡಿದು ಚಾಲುಕ್ಯ ಚಕ್ರವರ್ತಿಯವರೆಗೆ, ಅಲ್ಲಿಂದ ಕೋಟು ಬೂಟಿನ ಗೂಢಚಾರನವರೆಗೆ ಎಲ್ಲವನ್ನೂ ಒಂದೇ ಮೈ ಹೊತ್ತಿತು. ಕೆಲವು ವರ್ಷ ಹತ್ತಕ್ಕೂ ಹೆಚ್ಚು ಚಿತ್ರಗಳು ಬಿಡುಗಡೆಯಾದವು. ನೂರನೆಯ ಚಿತ್ರ ಭಾಗ್ಯದ ಬಾಗಿಲು ಬಂದದ್ದು 1968ರಲ್ಲಿ. ನಟಸಾರ್ವಭೌಮ ಎಂಬ ಬಿರುದು ಸಂದದ್ದೂ ಆ ಸಂದರ್ಭದಲ್ಲಿಯೇ. ಮೊದಲ ಚಿತ್ರದಿಂದ ನೂರನೆಯದಕ್ಕೆ ಹದಿನಾಲ್ಕು ವರ್ಷ. ಇಂದು ವರ್ಷಕ್ಕೊಂದು ಚಿತ್ರ ಮಾಡಿ ದಣಿಯುವವರ ಮುಂದೆ ಈ ಅಂಕಿ ವಿಚಿತ್ರವಾಗಿ ಕಾಣುತ್ತದೆ. ಆದರೆ ದಿನಕ್ಕೊಂದು ನಾಟಕ ಆಡಿದವರಿಗೆ ಇದೇನು ಮಹಾ?

ಅವರ ಪಾತ್ರಗಳಲ್ಲಿ ನನಗೆ ಎರಡು ಬಲು ಇಷ್ಟ. 1971ರ ಕಸ್ತೂರಿ ನಿವಾಸದ ನಾಯಕ ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯ. ಕೊಡುವುದೇ ಸ್ವಭಾವವಾಗಿ ಕೊನೆಗೆ ಕೈ ಬರಿದಾಗುವವನು. 1972ರ ಬಂಗಾರದ ಮನುಷ್ಯದ ರಾಜೀವ ಬಂಡೆಗಲ್ಲಿನ ನೆಲವನ್ನು ಹೊಲ ಮಾಡಿ, ಅಕ್ಕನ ಮಕ್ಕಳನ್ನು ಬೆಳೆಸಿ, ಒಂದು ಕೆಟ್ಟ ಮಾತು ಕೇಳಿದೊಡನೆ ಉಣ್ಣುವ ಎಲೆ ಬಿಟ್ಟೆದ್ದು ಮಾತಾಡದೆ ಹೊರಟುಹೋಗುವವನು. ಟಿ. ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ. ಆ ಚಿತ್ರ ಬೆಂಗಳೂರಿನಲ್ಲಿ ವರ್ಷಕ್ಕೂ ಮೀರಿ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಮರಳಿದ ತರುಣರಿದ್ದರೆಂದು ಪ್ರತೀತಿ. ಕೆಲಸ ಮಾಡುವುದು ತನ್ನದು, ಅದರ ಮೇಲೆ ಹಕ್ಕು ಸಾಧಿಸುವುದು ತನ್ನದಲ್ಲ ಎಂಬ ಆ ನಿಲುವನ್ನು ಅವರು ಅಭಿನಯಿಸಿದರೆಂದು ಹೇಳುವುದಕ್ಕಿಂತ ತಮ್ಮ ಮನೆಯಿಂದಲೇ ತಂದರೆಂದು ಹೇಳುವುದು ಸರಿ.

ದನಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ರಂಗದ ಮೇಲೆ ಹಾಡಿ ಬೆಳೆದವರಾದರೂ ಚಿತ್ರಗಳಲ್ಲಿ ಮೊದಲ ಇಪ್ಪತ್ತು ವರ್ಷ ಅವರು ಹಾಡಿದ್ದು ಒಂದೆರಡು ಕಡೆ ಮಾತ್ರ. ಅವರಿಗಾಗಿ ಹಾಡಿದವರು ಪಿ. ಬಿ. ಶ್ರೀನಿವಾಸ್, ಕಾಕಿನಾಡದಲ್ಲಿ ಹುಟ್ಟಿ ಮದರಾಸಿನಲ್ಲಿ ನೆಲಸಿದವರು. ತಾನು ಶರೀರ, ಶ್ರೀನಿವಾಸರು ಶಾರೀರ ಎಂಬ ಅರ್ಥದಲ್ಲಿ ರಾಜಕುಮಾರರು ಅವರನ್ನು ನೆನೆಯುತ್ತಿದ್ದರು. ಎರಡು ದಶಕ ನಾಡು ಮೆಚ್ಚಿದ್ದು ತನ್ನ ಬಾಯಿಯನ್ನು, ದನಿ ಮಾತ್ರ ಇನ್ನೊಬ್ಬರದು ಎಂಬುದನ್ನು ಮರೆಯದಿರಲು, ಅದನ್ನು ಸಭೆಯಲ್ಲಿ ಹೇಳಲು ಮನಸ್ಸು ದೊಡ್ಡದಿರಬೇಕು. 1974ರಲ್ಲಿ ಸಂಪತ್ತಿಗೆ ಸವಾಲ್ ಚಿತ್ರದ ಎಮ್ಮೆಯ ಹಾಡಿನ ಹೊತ್ತಿಗೆ ಶ್ರೀನಿವಾಸರು ಹಾಡಲಾಗದೆ ಹೋದಾಗ ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರು ರಾಜಕುಮಾರರಿಂದಲೇ ಹಾಡಿಸಿದರು. ಜನ ಕುಣಿದಾಡಿದರು. ಅಂದಿನಿಂದ ತಮ್ಮ ಹಾಡನ್ನು ತಾವೇ ಹಾಡುವುದು ರೂಢಿಯಾಯಿತು. ಶಾಲೆಯಲ್ಲಿ ಇಂಗ್ಲಿಷ್ ಕಲಿಯದವರು 1978ರ ಆಪರೇಷನ್ ಡೈಮಂಡ್ ರಾಕೆಟ್ ಚಿತ್ರದಲ್ಲಿ ಇಂಗ್ಲಿಷ್ ಹಾಡನ್ನೂ ಹಾಡಿಬಿಟ್ಟರು! 1992ರ ಜೀವನ ಚೈತ್ರದಲ್ಲಿ ತೋಡಿ ರಾಗದ ಹಾಡಿಗೆ ಶ್ರೇಷ್ಠ ಹಿನ್ನೆಲೆ ಗಾಯಕನೆಂದು ರಾಷ್ಟ್ರ ಪ್ರಶಸ್ತಿ ಬಂದಾಗ ಅವರಿಗೆ 60 ದಾಟಿತ್ತು. ವಿಚಿತ್ರವೆಂದರೆ ಶ್ರೇಷ್ಠ ನಟನೆಂಬ ರಾಷ್ಟ್ರ ಪ್ರಶಸ್ತಿ ಅವರಿಗೆ ಒಮ್ಮೆಯೂ ಬರಲಿಲ್ಲ.

ಆದರೆ ಈ ಗೆಲುವಿನ ಇನ್ನೊಂದು ಮಗ್ಗುಲನ್ನೂ ಕಾಣಬೇಕು. ರಾಜಕುಮಾರರು ಹಾಡತೊಡಗಿದ ಮೇಲೆ ಶ್ರೀನಿವಾಸರಿಗೆ ಕನ್ನಡದಲ್ಲಿ ಕೆಲಸ ಕಡಿಮೆಯಾಯಿತು. ಅವರು ಈ ಊರಿನಲ್ಲಿಯೇ ಉಳಿದು, ಉಡುಪಿಯವರ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಹೋಟೆಲಿನಲ್ಲಿ ಜೇಬು ತುಂಬ ಬಣ್ಣಬಣ್ಣದ ಲೇಖನಿಗಳನ್ನಿಟ್ಟುಕೊಂಡು ಕವಿತೆ ಬರೆಯುತ್ತ ಕುಳಿತಿರುತ್ತಿದ್ದುದನ್ನು ನಮ್ಮ ಹಿರಿಯರು ಎಷ್ಟೋ ಮಂದಿ ಕಂಡಿದ್ದಾರೆ. 2013ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ವಿನಯವಂತನ ಏಳಿಗೆಯಿಂದಲೂ ಪಕ್ಕದವನಿಗೆ ನೆರಳು ಬೀಳುವುದುಂಟು. ಯಾರದೂ ತಪ್ಪಲ್ಲ, ಹಾಗೆಂದು ಲೆಕ್ಕದಿಂದ ಬಿಡುವಂತೆಯೂ ಇಲ್ಲ.

ಲೆಕ್ಕದ ಮಾತು ಬಂತು. ರಾಜಕುಮಾರರು ಹಣದ ಲೆಕ್ಕ ನೋಡಿದವರಲ್ಲ. ಕಥೆಯ ಆಯ್ಕೆ ತಮ್ಮ ವರದರಾಜರದು, ಮಾತು ಮತ್ತು ಹಾಡು ಬಹುಪಾಲು ಚಿ. ಉದಯಶಂಕರರದು, ಕರಾರು, ಸಂಭಾವನೆ, ಮನೆವಾರ್ತೆ ಪಾರ್ವತಮ್ಮನವರದು. 1975ರ ತ್ರಿಮೂರ್ತಿಯಿಂದ ಮುಂದೆ ವಜ್ರೇಶ್ವರಿ ಸಂಸ್ಥೆಯ ಚಿತ್ರನಿರ್ಮಾಣವನ್ನೂ ಆಕೆಯೇ ನಡೆಸಿದರು. ಗಂಡಸರೇ ತುಂಬಿದ್ದ ಆ ವ್ಯವಹಾರದಲ್ಲಿ ಹಳ್ಳಿಯಿಂದ ಬಂದ ಹೆಣ್ಣುಮಗಳೊಬ್ಬಳು ಹಂಚಿಕೆದಾರರೊಂದಿಗೆ ಚೌಕಾಸಿ ಮಾಡಿ ಒಂದು ಸಂಸ್ಥೆಯನ್ನು ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. ಗಂಡನ ನಿರ್ಲಿಪ್ತತೆಯನ್ನು ಹೊಗಳುವ ನಾವು ಆ ನಿರ್ಲಿಪ್ತತೆಯ ಖರ್ಚನ್ನು ಹೆಂಡತಿ ತೂಗಿಸುತ್ತಿದ್ದರೆಂಬುದನ್ನು ಮರೆಯಬಾರದು. ಪಾರ್ವತಮ್ಮನವರನ್ನು ಬಿಗಿ ಕೈಯವರೆಂದು ಆಡಿಕೊಂಡವರುಂಟು. ಒಬ್ಬರ ಮುಷ್ಟಿ ಬಿಗಿಯಾಗಿದ್ದುದರಿಂದಲೇ ಇನ್ನೊಬ್ಬರ ಕೈ ಸದಾ ಮುಗಿದಿರಲು ಸಾಧ್ಯವಾಯಿತು.

ಇನ್ನು ಅಭಿಮಾನಿಗಳು. ಅವರನ್ನು ರಾಜಕುಮಾರರು ದೇವರುಗಳೆಂದೇ ಕರೆಯುತ್ತಿದ್ದರು. ಕೇಳುವವರಿಗೆ ಇದು ಮೊದಮೊದಲು ಅತಿಯೆನಿಸಿತು. ಕೊನೆಕೊನೆಗೆ ರೂಢಿಯ ಮಾತಾಯಿತು. ಆದರೆ ಕಂಪನಿಯ ಹುಡುಗನ ಕಣ್ಣಿನಿಂದ ನೋಡಿದರೆ ಅದರ ಅರ್ಥ ಸುಲಭ. ಸಂಜೆ ಗಲ್ಲಾಪೆಟ್ಟಿಗೆಗೆ ಬೀಳುವ ಎರಡಾಣೆ ನಾಲ್ಕಾಣೆಗಳೇ ಮರುದಿನದ ಅನ್ನ. ಮಳೆ ಬಂದು ಜನ ಬರದಿದ್ದರೆ ಒಲೆ ಹೊತ್ತದು. ನೆಲದ ಮೇಲೆ ಕುಳಿತ ಆ ನಾಲ್ಕಾಣೆಯವನು ಅನ್ನದಾತ. ಅನ್ನದಾತ ದೇವರಲ್ಲದೆ ಇನ್ನೇನು? ತನಗೆ ಬಂದ ಕೀರ್ತಿಯೆಲ್ಲ ಅವನು ಇಟ್ಟ ಠೇವಣಿ, ತಾನು ಕಾವಲುಗಾರ ಎಂಬ ಭಾವ ಅವರದು. ನನ್ನಂಥವನು ದಿನವಿಡೀ ಲಕ್ಷಗಟ್ಟಲೆ ಎಣಿಸಿ ಸಂಜೆ ಬಸ್ಸಿನ ಚಿಲ್ಲರೆಗೆ ಜೇಬು ತಡಕುತ್ತಾನೆ. ಎಣಿಸಿದ್ದು ತನ್ನದಲ್ಲವೆಂಬ ಅರಿವಿರುವುದರಿಂದ ಕೈ ನಡುಗುವುದಿಲ್ಲ. ಅವರ ಕೈಯೂ ನಡುಗಲಿಲ್ಲ. ಚಿತ್ರಜೀವನದ ಉತ್ತರಾರ್ಧದಲ್ಲಿ ತೆರೆಯ ಮೇಲೆ ಕುಡಿಯುವ, ಸೇದುವ ದೃಶ್ಯಗಳಿಂದ ದೂರವಿದ್ದುದೂ ಇದೇ ಭಾವದಿಂದ. ನೋಡಿದ ಹುಡುಗರು ಅದನ್ನೇ ಕಲಿತಾರೆಂಬ ಅಳುಕು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಇವೂ ಅದೇ ಖಾತೆಗೆ ಜಮಾ ಆದವು.

ಠೇವಣಿ ಇಟ್ಟವನು ಒಂದು ದಿನ ಕೇಳಿಕೊಂಡು ಬರುತ್ತಾನೆ. 1977ರಲ್ಲಿ ಎಂ. ಜಿ. ರಾಮಚಂದ್ರನ್ ಇಲ್ಲಿ ಮುಖ್ಯಮಂತ್ರಿಯಾದರು. 1983ರಲ್ಲಿ ಆಂಧ್ರದಲ್ಲಿ ಎನ್. ಟಿ. ರಾಮರಾಯರು. ಕನ್ನಡದವರು ಸುಮ್ಮನಿದ್ದಾರೆಯೆ? 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ರಾಜಕುಮಾರರನ್ನು ನಿಲ್ಲಿಸುವ ಪ್ರಯತ್ನ ನಡೆಯಿತು. ಅವರು ಒಪ್ಪಲಿಲ್ಲ, ಕೊನೆಯವರೆಗೂ ಯಾವ ಪಕ್ಷಕ್ಕೂ ಸೇರಲಿಲ್ಲ. ಆದರೆ 1982ರಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಕೊಡಬೇಕೆಂಬ ಗೋಕಾಕ್ ವರದಿಯ ಜಾರಿಗಾಗಿ ಸಾಹಿತಿಗಳು ಚಳವಳಿ ಹೂಡಿ ಬಂದು ಕರೆದಾಗ ಹೊರಟರು. ಪಂಡಿತರು ವರ್ಷವಿಡೀ ಹೇಳಿಯೂ ಕದಲದಿದ್ದ ಜನ ಅವರೊಬ್ಬರು ವೇದಿಕೆಯೇರಿದೊಡನೆ ಬೀದಿಗಿಳಿದರು. ಊರೂರಿನಲ್ಲಿ ಲಕ್ಷೋಪಲಕ್ಷ ಮಂದಿ. ಶಾಲೆಯನ್ನೇ ಮುಗಿಸದವರು ಶಾಲೆಯ ಭಾಷೆಗಾಗಿ ಮಾತಾಡಿದರು. ಅಧಿಕಾರಕ್ಕೆ ಒಲ್ಲೆನೆಂದವರು ಭಾಷೆಗೆ ಒಲ್ಲೆನೆನ್ನಲಿಲ್ಲ. ಇದರಲ್ಲಿ ನನಗೆ ವಿರೋಧವೇನೂ ಕಾಣುವುದಿಲ್ಲ. ಮೊದಲನೆಯದು ತನಗೆ, ಎರಡನೆಯದು ಅನ್ನ ಕೊಟ್ಟವರಿಗೆ.

2000ನೆಯ ಇಸವಿ ಜುಲೈ 30ರ ರಾತ್ರಿ ಗಾಜನೂರಿನ ಮನೆಗೆ ವೀರಪ್ಪನ್ ನುಗ್ಗಿದ. 71 ವರ್ಷದ ರಾಜಕುಮಾರರನ್ನೂ ಅಳಿಯ ಮೊದಲಾದ ಮೂವರನ್ನೂ ಕಾಡಿಗೆ ಒಯ್ದ. ಸರ್ಕಾರಕ್ಕೆ ಮುಟ್ಟಿಸಲು ಒಂದು ಧ್ವನಿಸುರುಳಿಯನ್ನು ಪಾರ್ವತಮ್ಮನವರ ಕೈಗೆ ಕೊಟ್ಟು ಹೋದ. ಬೆಂಗಳೂರಿನಲ್ಲಿ ಅಂಗಡಿ ಮುಂಗಟ್ಟುಗಳು ಮುಚ್ಚಿದವು, ಗಲಭೆಗಳಾದವು. ಅಲ್ಲಿನ ತಮಿಳರು ಹೆದರಿದರು, ಇಲ್ಲಿನ ನಾವೂ ಹೆದರಿದೆವು. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಬಸ್ಸಿನಲ್ಲಿ ಕನ್ನಡದಲ್ಲಿ ಜೋರಾಗಿ ಮಾತಾಡಬೇಡವೆಂದು ಮನೆಯಲ್ಲಿ ಹೇಳಿಕೊಟ್ಟದ್ದು ನೆನಪಿದೆ. ನಮ್ಮ ನೆರೆಮನೆಯ ತಮಿಳು ಅಜ್ಜಿ ಮಾತ್ರ ದಿನವೂ ಸಂಜೆ ರಾಜಕುಮಾರರ ಸುದ್ದಿಯೇನೆಂದು ಕೇಳಿಕೊಂಡು ಬರುತ್ತಿದ್ದರು. 108 ದಿನಗಳಾದ ಮೇಲೆ ನವೆಂಬರ್ 15ರಂದು ಬಿಡುಗಡೆಯಾಯಿತು. ಹಿಂತಿರುಗಿದ ಮೇಲೆ ಅವರು ಯಾರ ಮೇಲೂ ವಿಷ ಕಾರಲಿಲ್ಲ. ತನ್ನ ಹೆಸರಿನ ತೂಕ ಎಷ್ಟೆಂಬುದು ಅವರಿಗೆ ಕಾಡಿನಲ್ಲಿ ತಿಳಿದಿರಬೇಕು. ಕೀರ್ತಿಯಿಲ್ಲದ ಮುತ್ತುರಾಜನನ್ನು ಹೊತ್ತೊಯ್ಯಲು ಯಾವ ಕಳ್ಳನೂ ಬರುತ್ತಿರಲಿಲ್ಲವಲ್ಲ.

ಆ ವರ್ಷ ಬಂದಿದ್ದ ಶಬ್ದವೇಧಿಯೇ ಕೊನೆಯ ಚಿತ್ರವಾಯಿತು. ಒಟ್ಟು 200ಕ್ಕೂ ಮಿಕ್ಕಿದ ಚಿತ್ರಗಳು. 2006ರ ಏಪ್ರಿಲ್ 12ರಂದು ಬೆಂಗಳೂರಿನ ಸದಾಶಿವನಗರದ ಮನೆಯಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. 77 ತುಂಬಲು 12 ದಿನ ಉಳಿದಿತ್ತು. ಮರುದಿನ ಕಂಠೀರವ ಸ್ಟುಡಿಯೋಕ್ಕೆ ಪಾರ್ಥಿವ ಶರೀರ ಒಯ್ಯುವಾಗ ನಡೆದದ್ದನ್ನು ಹೇಳದೆ ಬಿಡಲು ಮನಸ್ಸಾಗುತ್ತದೆ, ಆದರೆ ಬಿಡಬಾರದು. ಕಲ್ಲು ತೂರಾಟ, ಬೆಂಕಿ, ಗೋಲೀಬಾರು. ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಸತ್ತರು. ಅಭಿಮಾನಿಗಳನ್ನು ದೇವರೆಂದ ಮೇಲೆ ಅವರನ್ನು ಗದರಿಸುವವರು ಯಾರು? ತಪ್ಪು ಮಾಡಬಾರದೆಂದು ದೇವರಿಗೆ ಹೇಳುವುದು ಹೇಗೆ? ತಮ್ಮ ಹೆಸರಿನಲ್ಲಿ ಬೀದಿಯಲ್ಲಿ ನಡೆದದ್ದಕ್ಕೆಲ್ಲ ಜೀವಮಾನವಿಡೀ ಕೈಮುಗಿದೇ ನಿಂತ ಆ ಮನುಷ್ಯ ಒಂದೆರಡು ಸಲವಾದರೂ ಕಣ್ಣು ಕೆಂಪಗೆ ಮಾಡಿದ್ದರೆ ಚೆನ್ನಾಗಿತ್ತೆಂದು ನನಗೆ ಅನಿಸುವುದುಂಟು. ಈ ಮಾತು ನಮ್ಮ ಸಂಘದ ಕೆಲವು ಹಿರಿಯರಿಗೆ ಹಿಡಿಸಲಿಕ್ಕಿಲ್ಲ. ತಂದೆಯಿಂದ ರೌದ್ರ ಪಾತ್ರವನ್ನು ಕಲಿತಿದ್ದರಷ್ಟೆ; ಅದನ್ನು ರಂಗದಿಂದ ಕೆಳಗಿಳಿಸಲು ಅವರಿಗೆ ಬರಲಿಲ್ಲ.

ಕೊಟ್ಟ ಮಾತಿನಂತೆ ಅವರ ಎರಡು ಕಣ್ಣುಗಳನ್ನೂ ಆ ದಿನವೇ ದಾನ ಮಾಡಲಾಯಿತು. ಅವರ ಹೆಸರಿನ ನೇತ್ರಬ್ಯಾಂಕು ಬೆಂಗಳೂರಿನಲ್ಲಿ ಆರಂಭವಾಗಿದ್ದದ್ದು 1994ರಲ್ಲಿ. 2017ರಲ್ಲಿ ಪಾರ್ವತಮ್ಮನವರ ಕಣ್ಣುಗಳೂ, 2021ರಲ್ಲಿ ಪುನೀತರ ಕಣ್ಣುಗಳೂ ದಾನವಾದವು. ಮೂವರ ಸಮಾಧಿಗಳೂ ಕಂಠೀರವ ಸ್ಟುಡಿಯೋದ ಆವರಣದಲ್ಲಿಯೇ ಇವೆ. ಊರಿಗೆ ಹೋದಾಗ ನಮ್ಮವರು ಅನೇಕರು ಅಲ್ಲಿಗೆ ಹೋಗಿ ಹೂವಿಟ್ಟು ಬರುತ್ತಾರೆ. ಪುನೀತರು ತೀರಿಕೊಂಡ ಮೇಲೆ ಕಣ್ಣುದಾನಕ್ಕೆ ಹೆಸರು ಬರೆಸುವವರ ಸಂಖ್ಯೆ ಕರ್ನಾಟಕದಲ್ಲಿ ಒಮ್ಮೆಗೇ ಏರಿತು.